ಎರೆಮಣ್ಣಿನ ಋಣ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯಲ್ಲಿ ಹಿರಿಯರು ಮನೆಯ ಮಾತನ್ನೇ ಮೊದಲಿಗೆ ಇಟ್ಟಿದ್ದಾರೆ. ಮದುವೆಯ ಖರ್ಚು ಒಮ್ಮೆಗೆ ಮುಗಿಯುತ್ತದೆ. ಮನೆಯ ಖರ್ಚಾದರೋ, ಅದು ನಿಂತ ನೆಲ ನೆಟ್ಟಗಿಲ್ಲದಿದ್ದರೆ, ಪ್ರತಿ ಮಳೆಗಾಲದ ಬಳಿಕವೂ ಮರಳಿ ಬರುತ್ತದೆ. ನಮ್ಮ ಜನ ಬಾಗಿಲಿನ ಮರವನ್ನು ಬಡಿದು ನೋಡುತ್ತಾರೆ, ಇಟ್ಟಿಗೆಗಳನ್ನು ಒಂದಕ್ಕೊಂದು ತಾಗಿಸಿ ಸದ್ದು ಕೇಳುತ್ತಾರೆ, ಗೋಡೆಯ ಬಣ್ಣಕ್ಕಾಗಿ ಮನೆಮಂದಿಯೆಲ್ಲ ಕೂಡಿ ಚರ್ಚಿಸುತ್ತಾರೆ. ಕಾಲ ಕೆಳಗಿನ ಮಣ್ಣನ್ನು ಒಂದು ಹಿಡಿ ಎತ್ತಿ ಪರೀಕ್ಷಿಸುವವರು ಮಾತ್ರ ವಿರಳ. ಆ ಒಂದು ಹಿಡಿ ಮಣ್ಣನ್ನೂ, ಅದನ್ನು ಗಟ್ಟಿಗೊಳಿಸಬಲ್ಲ, ನಮ್ಮ ಕಾರ್ಖಾನೆಗಳ ಹಿತ್ತಿಲಲ್ಲಿ ರಾಶಿ ಬಿದ್ದಿರುವ ಉಪೋತ್ಪನ್ನಗಳನ್ನೂ ಕುರಿತು ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ.

ನಾನು ಕಟ್ಟಡ ಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದವನಲ್ಲ. ಕೊಯಮತ್ತೂರಿನ ದಕ್ಷಿಣದ ಅಂಚಿನಲ್ಲಿರುವ, 2011ರಲ್ಲಿ ಮಹಾನಗರಪಾಲಿಕೆಗೆ ಸೇರಿದ ಕುರಿಚಿಯಲ್ಲಿ, ಒಂದು ಎರಕದ ಕಾರ್ಖಾನೆಯ ಮೋಲ್ಡಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ನಮ್ಮದು ನೇಕಾರರ ಮನೆತನ. ಬೀದಿಯಲ್ಲಿ ತಮಿಳು, ಹೊಸ್ತಿಲು ದಾಟಿದರೆ ಕನ್ನಡ. ಅಜ್ಜನ ಕಾಲದಲ್ಲಿ ಮನೆಯಲ್ಲಿ ಗುಂಡಿಮಗ್ಗವಿತ್ತು. ನೇಯುವವರು ನೆಲದ ಅಂಚಿನಲ್ಲಿ ಕುಳಿತು, ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು ಮಗ್ಗವನ್ನು ತುಳಿಯುತ್ತಿದ್ದರು. ಹಿಂಗಾರು ಹಿಡಿಯಿತೆಂದರೆ ಗುಂಡಿಯ ಮಣ್ಣಿನ ಗೋಡೆ ಒಳಕ್ಕೆ ಉಬ್ಬುತ್ತಿತ್ತು. ಬೇಸಗೆಯಲ್ಲಿ ಬಾಯಿ ಬಿಡುತ್ತಿತ್ತು. “ಇದು ಎರೆ ಕಣೋ, ನೀರು ಕಂಡರೆ ಸುಮ್ಮನಿರೋದಿಲ್ಲ” ಎನ್ನುತ್ತ ಅಜ್ಜಿ ಸುಣ್ಣಕ್ಕೆ ಒಲೆಯ ಬೂದಿ ಕಲಸಿ ಆ ಗೋಡೆಗೆ ಮೆತ್ತುತ್ತಿದ್ದರು. ಸುಣ್ಣವೂ ಬೂದಿಯೂ ಸೇರಿದರೆ ಮಣ್ಣು ಹಿಡಿತಕ್ಕೆ ಬರುತ್ತದೆಂಬುದು ಅವರಿಗೆ ಅನುಭವದಿಂದ ತಿಳಿದಿತ್ತು. ಏಕೆ ಬರುತ್ತದೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಎರೆಮಣ್ಣೆಂದರೆ ಹತ್ತಿ ಬೆಳೆಯುವ ಕಪ್ಪು ಮಣ್ಣು. ಅದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜ ಹೇರಳವಾಗಿರುತ್ತದೆ. ಈ ಖನಿಜದ ಒಂದೊಂದು ಕಣವೂ ಅತಿ ತೆಳುವಾದ ಹಾಳೆಗಳ ಕಟ್ಟಿನಂತಿದೆ. ಹಾಳೆಗಳ ನಡುವೆ ನೀರು ನುಗ್ಗಿದರೆ ಕಟ್ಟು ಉಬ್ಬುತ್ತದೆ; ನೀರು ಆರಿದರೆ ಕುಗ್ಗುತ್ತದೆ. ರೈತನಿಗೆ ಇದು ವರ: ಮಳೆ ನಿಂತ ಮೇಲೂ ತೇವ ಉಳಿಯುತ್ತದೆ. ಮನೆ ಕಟ್ಟುವವನಿಗೆ ಇದೇ ಗುಣ ಕಂಟಕ. ಮನೆಯಡಿಯ ಮಣ್ಣೆಲ್ಲ ಒಂದೇ ಸಮನೆ ಉಬ್ಬಿ ಒಂದೇ ಸಮನೆ ಇಳಿದರೆ ಅಷ್ಟು ಹಾನಿಯಿರದು. ಆದರೆ ಮನೆಯ ನಡುಭಾಗದ ಮಣ್ಣು ನೆರಳಿನಲ್ಲಿ ವರ್ಷವಿಡೀ ತೇವವಾಗಿರುತ್ತದೆ; ಅಂಚಿನ ಮಣ್ಣು ಮಳೆಗೆ ಏರಿ ಬಿಸಿಲಿಗೆ ಇಳಿಯುತ್ತದೆ. ಬಚ್ಚಲ ನೀರು ಇಂಗುವ ಮೂಲೆಯದು ಒಂದು ಬಗೆ, ಮರದ ಬೇರು ನೀರು ಹೀರುವ ಮೂಲೆಯದು ಮತ್ತೊಂದು ಬಗೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕಿಗೆ ಕಾರಣ ಈ ಏರುಪೇರು. ಅದನ್ನು ಸಿಮೆಂಟಿನಿಂದ ಮುಚ್ಚಿ ಬಣ್ಣ ಬಳಿದರೆ ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ತೆರೆದುಕೊಳ್ಳುತ್ತದೆ.

ಆದರೂ ಈ ಮಣ್ಣನ್ನು ಹಳಿಯಲು ಕೊಯಮತ್ತೂರಿನವರಿಗೆ ಬಾಯಿ ಬರಬಾರದು. ಈ ಸೀಮೆಯಲ್ಲಿ ಕೆಂಪು ಮಣ್ಣೂ ಇದೆ, ಕಪ್ಪು ಮಣ್ಣೂ ಇದೆ. ನಗರಕ್ಕೆ ಕೀರ್ತಿ ತಂದುಕೊಟ್ಟದ್ದು ಕಪ್ಪು ಮಣ್ಣಿನ ಹತ್ತಿ. ಹತ್ತಿಯಿದ್ದುದರಿಂದ 1888ರಲ್ಲಿ ಸ್ಟೇನ್ಸ್ ಅವರ ನೂಲಿನ ಗಿರಣಿ ಬಂತು. 1930ರ ದಶಕದಲ್ಲಿ ನೀಲಗಿರಿಯ ಪೈಕಾರಾದಿಂದ ವಿದ್ಯುತ್ತು ಇಳಿದು ಬಂದ ಮೇಲೆ ಗಿರಣಿಗಳು ಸಾಲುಗಟ್ಟಿದವು. ಗಿರಣಿಯ ಯಂತ್ರಗಳಿಗೆ ಬಿಡಿಭಾಗಗಳು ಬೇಕಾದವು. ಆಳದ ಬಾವಿಗಳಿಗೆ ಪಂಪುಗಳು ಬೇಕಾದವು. ಅವನ್ನು ಎರಕ ಹೊಯ್ಯುವ ಕಾರ್ಖಾನೆಗಳು ಹುಟ್ಟಿದವು. ಹೀಗೆ ಎರೆಮಣ್ಣಿನ ಮಗ ಗಿರಣಿಯಾದರೆ ಮೊಮ್ಮಗ ಎರಕದ ಕಾರ್ಖಾನೆ. ಆ ಮೊಮ್ಮಗನ ಹಿತ್ತಿಲಲ್ಲಿ ಬೀಳುವ ಕರಿಯ ಮರಳಿನಿಂದ ಅಜ್ಜಿಯ ಮೈಗೆ ಬಲ ಬರುವುದಾದರೆ, ಅದು ಋಣ ತೀರಿಸಿದಂತೆಯೇ ಸರಿ. ಆದರೆ ಔಷಧವೆಂದು ವಿಷವನ್ನು ಕೊಡುವಂತಾಗಬಾರದು.

ಆ ಮರಳಿನ ವಿಚಾರ ನನಗೆ ಹತ್ತಿರದಿಂದ ಗೊತ್ತು. ಕಬ್ಬಿಣದ ಎರಕಕ್ಕೆ ಅಚ್ಚು ಕಟ್ಟುವಾಗ ಸಿಲಿಕಾ ಮರಳಿಗೆ ಬೆಂಟೋನೈಟ್ ಜೇಡಿ, ಕಲ್ಲಿದ್ದಲ ಪುಡಿ ಮತ್ತು ನೀರನ್ನು ಬೆರೆಸುತ್ತೇವೆ. ವಿಚಿತ್ರವೆಂದರೆ, ಬೆಂಟೋನೈಟಿನಲ್ಲಿರುವುದೂ ಅದೇ ಮಾಂಟ್‌ಮೊರಿಲೊನೈಟ್. ಮನೆಯ ಗೋಡೆಯನ್ನು ಒಡೆಯುವ ಖನಿಜವೇ ಅಚ್ಚಿನಲ್ಲಿ ಮರಳಿನ ಕಣಗಳನ್ನು ಹಿಡಿದಿಡುತ್ತದೆ. ಕರಗಿದ ಕಬ್ಬಿಣ ಬಿದ್ದಾಗ ಲೋಹಕ್ಕೆ ತಾಗಿದ ಜೇಡಿ ಸುಟ್ಟುಹೋಗುತ್ತದೆ. ಆಮೇಲೆ ನೀರು ಕೊಟ್ಟರೂ ಅದು ಉಬ್ಬದು, ಅಂಟದು. ಅದನ್ನು ನಾವು ಸತ್ತ ಜೇಡಿ ಎನ್ನುತ್ತಿದ್ದೆವು. ಒಂದೇ ಮರಳನ್ನು ಎಷ್ಟೋ ಸಲ ಬಳಸಬಹುದು. ಸತ್ತ ಜೇಡಿ ಹೆಚ್ಚಾದಾಗ ಒಂದು ಭಾಗವನ್ನು ಹೊರಹಾಕಿ ಹೊಸದನ್ನು ಸೇರಿಸಬೇಕಾಗುತ್ತದೆ. ಹೊರಹಾಕಿದ ಆ ಮರಳೇ ಎರಕದ ಊರುಗಳಲ್ಲಿ ರಾಶಿಯಾಗಿ ಬೆಳೆಯುವುದು.

ಮೂರು ವರ್ಷದ ಹಿಂದೆ ಮಗಳೂ ಅಳಿಯನೂ ಕುರಿಚಿಯ ಹೊರಬದಿಯಲ್ಲಿ ಒಂದು ನಿವೇಶನ ಕೊಂಡು ಮನೆಯ ಕೆಲಸಕ್ಕೆ ಕೈಹಾಕಿದರು. ಅಡಿಪಾಯಕ್ಕೆ ಅಗೆದಾಗ ಎರೆಮಣ್ಣು ಕಂಡಿತು. ಮೇಸ್ತ್ರಿ ಹೇಳಿದ: “ಅಣ್ಣಾ, ಈ ಮಣ್ಣನ್ನೆಲ್ಲ ತೆಗೆದು ಗ್ರಾವೆಲ್ ತುಂಬಬೇಕು, ಖರ್ಚು ಜಾಸ್ತಿ. ಇಲ್ಲವಾದರೆ ಫೌಂಡ್ರಿ ಮರಳು ಬಿಟ್ಟಿಗೆ ಸಿಗುತ್ತದೆ. ಲಾರಿ ಬಾಡಿಗೆ ಕೊಟ್ಟರೆ ಸಾಕು.” ಬ್ಯಾಂಕಿನ ಸಾಲದ ಕಂತುಗಳನ್ನು ಎಣಿಸುತ್ತಿದ್ದ ಮಗಳಿಗೆ ಎರಡನೆಯ ಮಾತು ಹಿಡಿಸಿತು. ನಾನು ಬೇಡವೆಂದೆ.

“ಯಾಕಪ್ಪಾ? ನೀವೇ ಮೂವತ್ತು ವರ್ಷ ಆ ಮರಳಿನಲ್ಲಿ ನಿಂತವರು. ನಿಮಗೆ ಏನೂ ಆಗಲಿಲ್ಲವಲ್ಲ?” ಎಂದಳು.

ನನ್ನ ಪಕ್ಕದಲ್ಲಿ ನಿಂತು ಅಚ್ಚು ಕಟ್ಟುತ್ತಿದ್ದವರಲ್ಲಿ ಇಬ್ಬರು ಇಂದು ಹತ್ತು ಮೆಟ್ಟಿಲು ಹತ್ತಲಾರರು. ಸಿಲಿಕಾದ ನವಿರಾದ ಧೂಳು ಶ್ವಾಸಕೋಶದಲ್ಲಿ ಕುಳಿತರೆ ಸಿಲಿಕೋಸಿಸ್ ಬರುತ್ತದೆ. ಅದನ್ನು ಗುಣಪಡಿಸುವ ಮದ್ದಿಲ್ಲ. ಅವಳಿಗೆ ಅವರಿಬ್ಬರ ಹೆಸರು ಹೇಳಿದೆ. ಚಿಕ್ಕಂದಿನಲ್ಲಿ ಅವಳನ್ನು ಎತ್ತಿ ಆಡಿಸಿದವರು. ಅವಳು ಸುಮ್ಮನಾದಳು. ಆಮೇಲೆ ನಾನೇ ಹೇಳಿದೆ: “ಮರಳು ಕೆಟ್ಟದ್ದಲ್ಲಮ್ಮ. ಯಾವ ಮರಳು, ಯಾವ ಮಣ್ಣಿಗೆ, ಎಷ್ಟು ಎಂದು ತಿಳಿಯದೆ ತುಂಬುವುದು ಕೆಟ್ಟದ್ದು. ಪಕ್ಕದ ಮನೆಯವರ ಬಾವಿ ಇಲ್ಲಿಂದ ಎಷ್ಟು ದೂರವಿದೆ, ನೋಡು.” ಮೂವತ್ತು ಹೆಜ್ಜೆಯೂ ಇರಲಿಲ್ಲ.

ಮೊದಲು ನೋಡಬೇಕಾದದ್ದು ಮಣ್ಣಿನ ಗುಣ. ಇದಕ್ಕೆ ಭಾರತೀಯ ಮಾನಕ 2720ರ 40ನೆಯ ಭಾಗದಲ್ಲಿ ಒಂದು ಸರಳ ಪರೀಕ್ಷೆಯಿದೆ. ನಮ್ಮ ಶಾಲೆಗಳ ವಿಜ್ಞಾನ ಕೊಠಡಿಯಲ್ಲಿ, ಅಧ್ಯಾಪಕರ ಕಣ್ಣೆದುರಿನಲ್ಲಿ, ಬೆಂಕಿಯಿಂದ ದೂರವಿಟ್ಟು ಮಕ್ಕಳೂ ಇದನ್ನು ಮಾಡಬಹುದು. ಮಣ್ಣನ್ನು ಚೆನ್ನಾಗಿ ಒಣಗಿಸಿ, ಪುಡಿಮಾಡಿ, 425 ಮೈಕ್ರಾನಿನ ಸಣ್ಣ ಜರಡಿ ಹಿಡಿದು, ಹತ್ತು ಹತ್ತು ಗ್ರಾಮಿನಂತೆ ಎರಡು ಪಾಲು ತೂಗಬೇಕು. 100 ಮಿಲಿಲೀಟರಿನ ಎರಡು ಅಳತೆ ಜಾಡಿಗಳಲ್ಲಿ ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಒಂದೊಂದು ಪಾಲು ಮಣ್ಣನ್ನು ಹಾಕಿ, ಕಲಕಿ ಗುಳ್ಳೆಗಳನ್ನು ಬಿಡಿಸಿ, 24 ಗಂಟೆಗೆ ಕಡಿಮೆಯಿಲ್ಲದಂತೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಎಷ್ಟು ಉಬ್ಬಿತೆಂಬುದು ಪಕ್ಕಪಕ್ಕದಲ್ಲೇ ಕಾಣುತ್ತದೆ. ಸೀಮೆಎಣ್ಣೆಯಲ್ಲಿ ಮಣ್ಣು 10 ಮಿಲಿಲೀಟರಿನಷ್ಟು ಕುಳಿತು, ನೀರಿನಲ್ಲಿ 18ರಷ್ಟಾದರೆ, ಉಬ್ಬರ ನೂರಕ್ಕೆ 80. ಐವತ್ತಕ್ಕಿಂತ ಕಡಿಮೆಯಾದರೆ ಚಿಂತೆ ಕಡಿಮೆ. 50ರಿಂದ 100 ಮಧ್ಯಮ. ನೂರನ್ನು ದಾಟಿದರೆ ಅಪಾಯದ ಮಣ್ಣು. ಮಗಳ ನಿವೇಶನದ ಮಣ್ಣು ನೀರಿನ ಜಾಡಿಯಲ್ಲಿ ಬಹುಮಟ್ಟಿಗೆ ಇಮ್ಮಡಿಯಾಗಿ ನಿಂತಿತ್ತು. ಆ ಎರಡು ಜಾಡಿಗಳನ್ನು ನೋಡಿದ ಮೇಲೆ ಅವಳಿಗೆ ನಾನು ಹೆಚ್ಚು ವಿವರಿಸಬೇಕಾಗಲಿಲ್ಲ.

ಇಂಥ ಮಣ್ಣಿಗೆ ಸುಣ್ಣ ಬೆರೆಸಿದಾಗ ಎರಡು ಕೆಲಸ ನಡೆಯುತ್ತವೆ. ಮೊದಲನೆಯದು ಬೇಗ ಆಗುವಂಥದು: ಸುಣ್ಣದ ಕ್ಯಾಲ್ಸಿಯಂ ಜೇಡಿಯ ಹಾಳೆಗಳಿಗೆ ಅಂಟಿಕೊಂಡು ಅವುಗಳ ನೀರಿನ ದಾಹವನ್ನು ತಗ್ಗಿಸುತ್ತದೆ, ಅಂಟಂಟಾಗಿದ್ದ ಮಣ್ಣು ಕೆಲವೇ ಗಂಟೆಗಳಲ್ಲಿ ಪುಡಿಪುಡಿಯಾಗುತ್ತದೆ. ಎರಡನೆಯದು ನಿಧಾನದ್ದು: ಸುಣ್ಣವು ಸಿಲಿಕಾ ಮತ್ತು ಅಲ್ಯುಮಿನಾದೊಡನೆ ಕೂಡಿ, ಸಿಮೆಂಟಿನಲ್ಲಿರುವಂಥದೇ ಬಂಧಕ ವಸ್ತುವಾಗಿ ವಾರಗಟ್ಟಲೆ, ತಿಂಗಳುಗಟ್ಟಲೆ ಗಟ್ಟಿಯಾಗುತ್ತ ಹೋಗುತ್ತದೆ. ಕಲ್ಲಿದ್ದಲು ಉರಿದ ಹಾರುಬೂದಿಯಲ್ಲಿ ಈ ಸಿಲಿಕಾ, ಅಲ್ಯುಮಿನಾಗಳು ಗಾಜಿನಂಥ ನವಿರು ಕಣಗಳಾಗಿ ಸಿದ್ಧವಾಗಿರುತ್ತವೆ. ನಮ್ಮವರಿಗೆ ಇದು ಹೊಸ ವಿದ್ಯೆಯಲ್ಲ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣಕ್ಕೆ ಬೆರೆಸಿದ ಸುರ್ಕಿ ಗಾರೆಯಿಂದಲೇ ಕನ್ನಂಬಾಡಿಯ ಕೃಷ್ಣರಾಜಸಾಗರ ಕಟ್ಟೆ ಎದ್ದು ನಿಂತಿತು. ಇಟ್ಟಿಗೆಯ ಪುಡಿ ಅಲ್ಲಿ ಮಾಡಿದ ಕೆಲಸವನ್ನೇ ಹಾರುಬೂದಿ ಇಲ್ಲಿ ಮಾಡುತ್ತದೆ. ಅಜ್ಜಿ ಮಗ್ಗದ ಗುಂಡಿಗೆ ಮೆತ್ತುತ್ತಿದ್ದುದರ ಹಿಂದಿನ ತತ್ತ್ವವೂ ಇದರ ಸಮೀಪದ್ದೇ.

ಎರೆಮಣ್ಣನ್ನು ಕುರಿತು ಕನ್ನಡ ನಾಡಿನಲ್ಲಿ ದೊಡ್ಡ ಕೆಲಸ ನಡೆದಿದೆ. ಮುಂಬಯಿಯ ಐ.ಐ.ಟಿ.ಯಲ್ಲಿದ್ದ ಆರ್. ಕೆ. ಕಟ್ಟಿಯವರು, ಉಬ್ಬುವ ಮಣ್ಣಿನ ಮೇಲೆ ಉಬ್ಬದ ಅಂಟುಮಣ್ಣಿನ ದಪ್ಪ ಪದರವನ್ನು ಹಾಸಿದರೆ ಅದರ ಆಟ ಅಡಗುತ್ತದೆಂದು ತೋರಿಸಿದರು. ಮಲಪ್ರಭಾ ಯೋಜನೆಯ ಕಾಲುವೆಗಳಲ್ಲಿ ಆ ಕ್ರಮವನ್ನು ಪ್ರಯೋಗಿಸಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಶ್ರೀಧರನ್, ಪಿ. ವಿ. ಶಿವಪುಲ್ಲಯ್ಯ ಮೊದಲಾದವರು 1990ರ ದಶಕದಲ್ಲಿ ಎರೆಮಣ್ಣಿಗೆ ಹಾರುಬೂದಿಯನ್ನು ಬೆರೆಸಿ ಅದರ ಗುಣಗಳು ಹೇಗೆ ಬದಲಾಗುತ್ತವೆಂದು ಅಳೆದರು. 1999ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ಇಟ್ಟಿಗೆ ಮತ್ತು ರಸ್ತೆ ಕೆಲಸಗಳಲ್ಲಿ ಹಾರುಬೂದಿಯನ್ನು ಬಳಸುವ ಬಗ್ಗೆ ಮೊದಲ ಅಧಿಸೂಚನೆ ಹೊರಡಿಸಿತು.

ಆದರೆ ಬೂದಿಯೆಂದರೆ ಎಲ್ಲ ಬೂದಿಯೂ ಒಂದೇ ಅಲ್ಲ. ಮೆಟ್ಟೂರಿನ ವಿದ್ಯುತ್ ಸ್ಥಾವರದ ಕಲ್ಲಿದ್ದಲ ಬೂದಿಯಲ್ಲಿ ಸುಣ್ಣದ ಅಂಶ ಅಲ್ಪ. ಅದಕ್ಕೆ ಹೊರಗಿನಿಂದ ಸುಣ್ಣ ಕೊಡಬೇಕು. ನೈವೇಲಿಯ ಲಿಗ್ನೈಟ್ ಬೂದಿಯಲ್ಲಿ ಸುಣ್ಣ ಹೆಚ್ಚು. ಇದೇ ಮಾತು ಮರಳಿಗೂ ಸಲ್ಲುತ್ತದೆ. ಜೇಡಿ ಬೆರೆಸಿದ ಕಬ್ಬಿಣದ ಎರಕದ ಮರಳು ಒಂದು ಜಾತಿ. ರಾಳದ ಅಂಟಿನಿಂದ ಕಟ್ಟಿದ ಅಚ್ಚಿನ ಮರಳು ಇನ್ನೊಂದು. ಹಿತ್ತಾಳೆ, ಕಂಚು ಎರಕ ಹೊಯ್ದ ಮರಳು ಮತ್ತೊಂದು. ಹಿತ್ತಾಳೆಯ ಮರಳಿನಲ್ಲಿ ಸೀಸ, ತಾಮ್ರಗಳು ಉಳಿದಿರಬಹುದು. ಮಳೆನೀರು ಅವನ್ನು ತೊಳೆದು ಬಾವಿಗೆ ಇಳಿಸಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2014ರಲ್ಲಿ ಕಬ್ಬಿಣ, ಉಕ್ಕು, ಅಲ್ಯುಮಿನಿಯಂ ಎರಕದ ಸಿಲಿಕಾ ಮರಳನ್ನು ರಸ್ತೆಯ ತಳಪದರದಂಥ ಕೆಲವು ಕೆಲಸಗಳಿಗೆ ಒಪ್ಪಿತಾದರೂ, ಸೀಸವುಳ್ಳ ಹಿತ್ತಾಳೆ, ಕಂಚಿನ ಎರಕದ ಮರಳನ್ನು ಆ ಪಟ್ಟಿಯ ಹೊರಗೇ ಇರಿಸಿತು. ಮೇಸ್ತ್ರಿ ತೋರಿಸಿದ ರಾಶಿಯ ಬಳಿಗೆ ಹೋಗಿ ನಾನು ಒಂದು ಹಿಡಿ ಎತ್ತಿ ಮೂಸಿದೆ. ರಾಳದ ಕಮಟು ಇತ್ತು. ನಡುನಡುವೆ ಹಳದಿ ಲೋಹದ ಚೂರುಗಳು ಮಿನುಗುತ್ತಿದ್ದವು. ಯಾವ ಯಾವ ಕಾರ್ಖಾನೆಯ ಮರಳು ಅಲ್ಲಿ ಸೇರಿತ್ತೋ, ಯಾರೂ ಬರೆದಿಟ್ಟಿರಲಿಲ್ಲ. ಲಾರಿ ಬಾಡಿಗೆಯಷ್ಟಕ್ಕೇ ಅದು ಏಕೆ ಸಿಗುತ್ತಿತ್ತೆಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಇನ್ನೊಂದು ಎಚ್ಚರಿಕೆ ಬಣ್ಣದ ಕೆಸರಿನದು. ನಮ್ಮ ನೆರೆಯ ತಿರುಪ್ಪೂರಿನಲ್ಲಿ ಬನಿಯನ್ ಬಟ್ಟೆಗೆ ಬಣ್ಣ ಹಾಕಲು ಅಡುಗೆ ಉಪ್ಪನ್ನೂ ಸೋಡಿಯಂ ಸಲ್ಫೇಟನ್ನೂ ಧಾರಾಳವಾಗಿ ಬಳಸುತ್ತಾರೆ. ಕೊಳಕು ನೀರನ್ನು ಸುಣ್ಣ ಮತ್ತು ಕಬ್ಬಿಣದ ಸಲ್ಫೇಟಿನಿಂದ ಶುದ್ಧಿಮಾಡಿದ ಕಡೆಗಳಲ್ಲಿ ತಳದಲ್ಲಿ ಕೆಸರು ಉಳಿಯುತ್ತದೆ. ಆ ಕೆಸರನ್ನೂ ಇಟ್ಟಿಗೆಗೆ, ಮಣ್ಣಿಗೆ ಬೆರೆಸುವ ಪ್ರಯತ್ನಗಳು ನಡೆದಿವೆ. ಇಲ್ಲಿ ಕಾಣದ ತೊಡಕೊಂದಿದೆ. ಸಲ್ಫೇಟ್ ಇರುವ ಜೇಡಿಮಣ್ಣಿಗೆ ಸುಣ್ಣ ಬಿದ್ದರೆ ಎಟ್ರಿಂಗೈಟ್ ಎಂಬ ಹರಳು ಹುಟ್ಟಿ, ಮಣ್ಣು ಮೊದಲಿಗಿಂತಲೂ ಹೆಚ್ಚಾಗಿ ಉಬ್ಬಬಹುದು. ಅಮೆರಿಕದ ಲಾಸ್ ವೇಗಸ್ ನಗರದ ಸ್ಟುವರ್ಟ್ ಅವೆನ್ಯೂ ಎಂಬ ಬೀದಿಯಲ್ಲಿ ಸುಣ್ಣ ಬೆರೆಸಿ ಹದಗೊಳಿಸಿದ್ದ ಮಣ್ಣು, ಕೆಲಸ ಮುಗಿದು ಸುಮಾರು ಎರಡು ವರ್ಷಗಳ ಮೇಲೆ ಹೀಗೆಯೇ ಉಬ್ಬಿ ರಸ್ತೆಯನ್ನು ಎತ್ತಿಹಾಕಿತು. ಮೊದಲ ಮಳೆಗಾಲ ದಾಟಿತೆಂದು ನೆಮ್ಮದಿಪಡುವಂತಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ತ್ಯಾಜ್ಯವನ್ನು ಕಣ್ಣಿಗೆ ಕಾಣದ ಕಡೆಗೆ ನೂಕಿದರೆ ಏನಾಗುತ್ತದೆಂಬುದನ್ನು ನೊಯ್ಯಲ್ ನದಿಯ ಜನ ಬಲ್ಲರು. ರೈತರ ಹೊಲಗಳಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ಬಣ್ಣದ ಕಾರ್ಖಾನೆಗಳ ಉಪ್ಪುನೀರು ನಿಂತು, ಕೆಳಗಿನ ಹೊಲಬಾವಿಗಳು ಕೆಟ್ಟವು. 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸುವವರೆಗೆ ಆ ಕಥೆ ಬೆಳೆಯಿತು. ನೀರಿಗೆ ಬಿಟ್ಟದ್ದು ಕಣ್ಣಿಗಾದರೂ ಕಂಡಿತು. ಮನೆಯ ನೆಲದಡಿಯಲ್ಲಿ ಹೂತದ್ದು ಕಾಣುವುದೂ ಇಲ್ಲ.

ಹಾಗಾದರೆ ಕಾರ್ಖಾನೆಯ ಉಪೋತ್ಪನ್ನವೇ ಬೇಡವೆಂದು ಗ್ರಾವೆಲ್ ತುಂಬಿದರೆ ಆಯಿತಲ್ಲ ಎನ್ನಬಹುದು. ಆ ಗ್ರಾವೆಲ್ ಆಕಾಶದಿಂದ ಬೀಳುವುದಿಲ್ಲ. ಯಾರದೋ ಊರಿನ ಗುಡ್ಡ ಕರಗಿ ಬರುತ್ತದೆ. ಕೊಯಮತ್ತೂರಿನ ಬಡಗಣ ತಡಾಗಂ ಕಣಿವೆಯಲ್ಲಿ ಇಟ್ಟಿಗೆಗಾಗಿ ಕೆಂಪು ಮಣ್ಣನ್ನು ಆಳವಾಗಿ ಅಗೆದ ಹಳ್ಳಗಳನ್ನು ನೋಡಿದವರು ಬಹಳ ಮಂದಿ; ವ್ಯಾಜ್ಯವು ನ್ಯಾಯಾಲಯಕ್ಕೆ ಹೋಗಿ 2021ರಲ್ಲಿ ಅಲ್ಲಿಯ ಗೂಡುಗಳು ಮುಚ್ಚಬೇಕಾಯಿತು. ಒಂದೆಡೆ ಮರಳೂ ಬೂದಿಯೂ ಬೆಟ್ಟವಾಗಿ ಬೆಳೆಯುತ್ತಿರಲು ಇನ್ನೊಂದೆಡೆ ಬೆಟ್ಟವನ್ನೇ ಅಗೆಯುವುದು ವಿವೇಕವಲ್ಲ. ಉಪೋತ್ಪನ್ನವನ್ನು ಬಳಸಲೇಬೇಕು, ಅದರ ಕುಲಗೋತ್ರವನ್ನು ವಿಚಾರಿಸಿ ಬಳಸಬೇಕು.

ಮಗಳ ಮನೆಗೆ ನಾವು ಮಾಡಿದ್ದು ಇಷ್ಟು. ಗೋಡೆಗಳ ಭಾರವನ್ನು ಬೆರೆಸಿದ ಮಣ್ಣಿನ ಮೇಲೆ ಹೊರಿಸಲಿಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ನೆಲಕ್ಕಾಗಿ ರೂಢಿಗೆ ತಂದ, ತಳದಲ್ಲಿ ಬುಗುಟಿನಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳನ್ನು ಮೂರೂವರೆ ಮೀಟರಿಗಿಂತ ಆಳಕ್ಕೆ, ಮಳೆ ಬಿಸಿಲುಗಳ ಏರಿಳಿತ ಮುಟ್ಟದ ಪದರದವರೆಗೆ ಇಳಿಸಿದೆವು. ನೆಲಹಾಸಿನ ಕೆಳಗಿನ ತುಂಬುವಿಕೆಗೂ ಮುಂದಿನ ದಾರಿಗೂ ಮಾತ್ರ, ಅಗೆದು ತೆಗೆದ ಎರೆಮಣ್ಣಿಗೇ ಮರಳನ್ನೂ ಅರಳಿದ ಸುಣ್ಣವನ್ನೂ ಬೆರೆಸಿದೆವು. ಮರಳು ಬರೀ ಕಬ್ಬಿಣದ ಎರಕದ, ಜೇಡಿ ಅಚ್ಚಿನ ಒಂದೇ ರಾಶಿಯದು. ಮಣ್ಣಿನ ಸಲ್ಫೇಟನ್ನೂ, ಮರಳನ್ನು ನೆನೆಸಿ ಇಳಿಸಿದ ನೀರಿನಲ್ಲಿರುವ ಲೋಹಗಳನ್ನೂ, ಬೆರಕೆಯ ಪ್ರಮಾಣವನ್ನೂ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ನೋಡಿಸಿದೆವು. ಸಾಮಾನ್ಯವಾಗಿ ನೂರು ಕಿಲೋ ಒಣಮಣ್ಣಿಗೆ 3ರಿಂದ 8 ಕಿಲೋ ಸುಣ್ಣ ಬೇಕಾಗುತ್ತದೆ. ನಿಶ್ಚಿತ ಪ್ರಮಾಣವನ್ನು ಆಯಾ ಮಣ್ಣೇ ಹೇಳಬೇಕು. ಮರಳನ್ನು ನೀರು ಚಿಮುಕಿಸಿಯೇ ಮುಟ್ಟಬೇಕು, ಮೂಗುಬಾಯಿ ಮುಚ್ಚಿಕೊಳ್ಳಬೇಕು ಎಂಬುದು ನನ್ನ ಕಟ್ಟಪ್ಪಣೆಯಾಗಿತ್ತು. ಅರ್ಧ ಅಡಿಯ ಪದರಗಳಾಗಿ ಹರಡಿ, ದಮ್ಮಸು ಮಾಡಿ, ಏಳು ದಿನ ತೇವ ಆರದಂತೆ ಕಾದೆವು. ಮನೆಯ ಸುತ್ತ ಕಾಂಕ್ರೀಟ್ ಅಂಚು ಹಾಕಿ, ಬಚ್ಚಲ ನೀರನ್ನು ದೂರಕ್ಕೆ ಕಳುಹಿಸಿದೆವು. ಬಿಟ್ಟಿ ಮರಳಿಗಿಂತ ಖರ್ಚು ಹೆಚ್ಚಾಯಿತು, ಗ್ರಾವೆಲ್ಲಿಗಿಂತ ಕಡಿಮೆಯಾಯಿತು. ಎರಡು ಹಿಂಗಾರು ಕಳೆದಿವೆ. ಗೋಡೆಗಳು ಸರಿಯಾಗಿವೆ. ಆದರೆ ಮಣ್ಣಿನ ವಿಚಾರದಲ್ಲಿ ಎರಡು ವರ್ಷ ಬಹಳವಲ್ಲ. ಪ್ರತಿ ಹಿಂಗಾರಿನ ಮುನ್ನವೂ ಬಳಿಕವೂ ಮೂಲೆಗಳನ್ನು ನೋಡುವ ಅಭ್ಯಾಸವನ್ನು ಮಗಳು ಇಟ್ಟುಕೊಂಡಿದ್ದಾಳೆ.

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಕೆಲವು ತಾಳವಾಡಿಯಲ್ಲಿವೆ, ಕೆಲವು ಹೊಸೂರಿನ ಸುತ್ತ ಇವೆ, ಕೆಲವು ನಮ್ಮಂತೆ ಕೊಯಮತ್ತೂರು ತಿರುಪ್ಪೂರುಗಳಲ್ಲಿವೆ. ಮಣ್ಣು ಊರಿಂದೂರಿಗೆ, ಒಮ್ಮೊಮ್ಮೆ ಹೊಲದಿಂದ ಹೊಲಕ್ಕೆ ಬೇರೆ. ಮನೆ ಕಟ್ಟುವ ಯೋಚನೆಯಿರುವವರು ಮೂರು ಪ್ರಶ್ನೆಗಳನ್ನು ಕೇಳದೆ ಯಾವ ಲಾರಿಯನ್ನೂ ನಿವೇಶನದೊಳಕ್ಕೆ ಬಿಡಬೇಡಿ: ನನ್ನ ಮಣ್ಣು ಎಷ್ಟು ಉಬ್ಬುತ್ತದೆ? ತಂದಿರುವ ವಸ್ತು ಯಾವ ಕಾರ್ಖಾನೆಯ ಯಾವ ಕೆಲಸದಿಂದ ಬಂತು? ಅದರ ಮೇಲೆ ಹರಿದ ನೀರು ಯಾರ ಬಾವಿಗೆ ಇಳಿಯುತ್ತದೆ? ಮೊದಲ ಪ್ರಶ್ನೆಗೆ ಉತ್ತರವನ್ನು ನಿಮ್ಮ ಮಕ್ಕಳೇ ಶಾಲೆಯಲ್ಲಿ ಎರಡು ಜಾಡಿಗಳಿಂದ ತಿಳಿದು ತರಬಲ್ಲರು. ಎರಡನೆಯದಕ್ಕೆ ಬರಹದಲ್ಲಿ ಉತ್ತರ ಕೊಡದವನ ಮರಳು ಬಿಟ್ಟಿಯಾದರೂ ಬೇಡ. ಮೂರನೆಯದನ್ನು ಕೇಳಬೇಕಾದವರು ನಾವೇ, ಉತ್ತರ ಕೊಡಬೇಕಾದವರೂ ನಾವೇ.